ನಮ್ಮ ಮೊಹಲ್ಲಾದ ಸನದ್ ಎಲ್ಲಿದೆ?

(ಬೆಂಗಳೂರಿನ ಹೊರವಲಯದ ಮುಸ್ಲಿಂ ಕುಟುಂಬಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಸಾಮಾಜಿಕ ಪರಿವರ್ತನೆಯ ನಡುವೆ ಸಮುದಾಯಗಳು ತಮ್ಮ ಸಾಂಸ್ಕೃತಿಕ ಇತಿಹಾಸವನ್ನು ಹೇಗೆ ಉಳಿಸಿಕೊಳ್ಳುತ್ತವೆ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಇಂತಹ ವಿಷಯ ಸಿಕ್ಕಾಗ ನಾವು ಸಾಮಾನ್ಯವಾಗಿ ಕೊರ್ಡೋವಾಕ್ಕೆ ಹೋಗುತ್ತೇವೆ, ಗ್ರಾನಡಾಕ್ಕೆ ಹೋಗುತ್ತೇವೆ. ಅಲ್ಹಂಬ್ರದ ಗೋಡೆಗಳ ಮುಂದೆ ನಿಂತು ಕಣ್ಣೀರು ಹಾಕಿ ಮರಳುತ್ತೇವೆ. ಆದರೆ ನಾವು ಈಗ ಕುಳಿತಿರುವ ಈ ಜಾಗದ ಇತಿಹಾಸ ಏನು? ಈ ಬೀದಿಗೆ ಐವತ್ತು ವರ್ಷಗಳ ಹಿಂದೆ ಏನು ಹೆಸರಿತ್ತು? ಇದಕ್ಕೆ ಉತ್ತರ ಹೇಳಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆ? ಆದ್ದರಿಂದ ಇಂದು ನಾನು ಸ್ಪೇನ್‌ಗೆ ಹೋಗುವುದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದಲ್ಲೇ ಇರುತ್ತೇನೆ.

ಮೆಟ್ರೋ ರೈಲಿನಿಂದ ಆರಂಭಿಸೋಣ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು. ನೇರಳೆ ಮಾರ್ಗದ ಆ ಕೊನೆಯ ನಿಲ್ದಾಣದ ಹೆಸರನ್ನು ಗಮನಿಸಿದ್ದೀರಾ? ವೈಟ್‌ಫೀಲ್ಡ್, ಅದರ ಪಕ್ಕದಲ್ಲಿ ಕಂಸದೊಳಗೆ ಕಾಡುಗೋಡಿ. ಒಂದು ಪುರಾತನ ಊರು ಕಂಸದೊಳಗೆ ಕುಳಿತಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾಯಿತು. ಅಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರ ಎಂಬ ಊರುಗಳ ಹೆಸರಿನ ಮುಂದೆ ಕಂಪೆನಿಗಳ ಮತ್ತು ಅವುಗಳ ಪ್ರತಿಷ್ಠಾನಗಳ ಹೆಸರುಗಳಿವೆ. ಊರಿನ ಹೆಸರು ಹಿಂದೆ, ಉದ್ಯಮದ ಹೆಸರು ಮುಂದೆ. ನಾನು ಇದನ್ನು ಸಂಚು ಎಂದು ಹೇಳುತ್ತಿಲ್ಲ. ಮೆಟ್ರೋ ಬಂದದ್ದು ಒಳ್ಳೆಯದೇ. ನಮ್ಮ ಹೆಣ್ಣುಮಕ್ಕಳು ನಿರ್ಭಯವಾಗಿ ಕಾಲೇಜಿಗೆ, ಉದ್ಯೋಗಕ್ಕೆ ಹೋಗಿ ಬರುವಂತಾಗಿದೆ. ಆದರೆ ಒಂದು ಊರು ಅಳಿಸಿಹೋಗುವ ಕ್ರಮ ಹೀಗೆಯೇ ಇರುತ್ತದೆ. ಮೊದಲು ಅದು ಕಂಸದೊಳಗೆ ಹೋಗುತ್ತದೆ. ಆ ಬಳಿಕ ಒಂದು ದಿನ ಕಂಸವೂ ಹೋಗುತ್ತದೆ. ಆ ದಿನ ಯಾರೂ ಪ್ರತಿಭಟಿಸುವುದಿಲ್ಲ, ಏಕೆಂದರೆ ಯಾರಿಗೂ ಅದು ತಿಳಿದಿರುವುದಿಲ್ಲ.

ಸ್ವಾರಸ್ಯದ ಸಂಗತಿಯೆಂದರೆ, ಕಾಡುಗೋಡಿಯನ್ನು ಕಂಸದೊಳಗೆ ತಳ್ಳಿದ ವೈಟ್‌ಫೀಲ್ಡ್ ಕೂಡ ಒಂದು ಅಲ್ಪಸಂಖ್ಯಾತ ಸಮುದಾಯದ ಕನಸಾಗಿತ್ತು. ಆ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅದರಲ್ಲಿ ನಮಗೆ ಪಾಠವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಂಗ್ಲೋ ಇಂಡಿಯನ್ನರು, ಆಗಿನ ಭಾಷೆಯಲ್ಲಿ ಯುರೇಷಿಯನ್ನರು, ತ್ರಿಶಂಕು ಸ್ಥಿತಿಯಲ್ಲಿದ್ದರು. ಬ್ರಿಟಿಷರು ಅವರನ್ನು ಪೂರ್ಣವಾಗಿ ತಮ್ಮವರೆಂದು ಒಪ್ಪಲಿಲ್ಲ. ಭಾರತೀಯರೂ ಒಪ್ಪಲಿಲ್ಲ. ರೈಲ್ವೆ, ಅಂಚೆ ಮತ್ತು ತಂತಿ ಇಲಾಖೆಗಳ ಕೆಲಸವೇ ಅವರಿಗೆ ಬಹುಮಟ್ಟಿಗೆ ಆಧಾರ. ಸರಕಾರಿ ಉದ್ಯೋಗವೊಂದನ್ನೇ ನೆಚ್ಚಿದ ಸಮುದಾಯ ಬಹುಕಾಲ ಬಾಳಲಾರದು, ಅದಕ್ಕೆ ಸ್ವಂತ ಭೂಮಿ ಬೇಕು ಎಂದು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದ ಮುಂದಾಳು ಡಿ.ಎಸ್.ವೈಟ್ ಯೋಚಿಸಿದರು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರು ಆ ಸಂಘಕ್ಕೆ ಕೃಷಿ ವಸಾಹತು ಸ್ಥಾಪಿಸಲು ಸುಮಾರು 3,900 ಎಕರೆ ಭೂಮಿಯನ್ನು ನೀಡಿದರು. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ನಡುವೆ ವೃತ್ತಾಕಾರದ ಬಯಲು, ಸುತ್ತ ಮನೆಗಳು, ಹಿತ್ತಿಲಲ್ಲಿ ತೋಟ, ಹೊರಗೆ ಹೊಲಗಳು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಆ ನಕ್ಷೆಯ ಗುರುತುಗಳು. ಅವರು ತಮ್ಮ ಚರ್ಚು ಕಟ್ಟಿಕೊಂಡರು, ಸ್ಮಶಾನಕ್ಕೆ ಜಾಗ ಬಿಟ್ಟುಕೊಂಡರು.

ಆದರೆ ಆ ಕನಸು ಅವರು ಎಣಿಸಿದಂತೆ ಬೆಳೆಯಲಿಲ್ಲ. ಬೇಸಾಯ ಸುಲಭವಾಗಿರಲಿಲ್ಲ. ಯುವಕರು ಉದ್ಯೋಗ ಅರಸಿ ಹೊರಟರು. 1947ರ ನಂತರ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ದೇಶಗಳಿಗೆ ವಲಸೆ ಹೋದವು. ವೈಟ್‌ಫೀಲ್ಡ್ ನಿವೃತ್ತರ ನಿಶ್ಶಬ್ದ ಊರಾಗಿ ಉಳಿಯಿತು. 1990ರ ದಶಕದಲ್ಲಿ ಅಂತಾರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್, ಜನರ ಬಾಯಲ್ಲಿ ಐಟಿಪಿಎಲ್, ತಲೆಯೆತ್ತಿದ ಮೇಲೆ ಭೂಮಿಯ ಬೆಲೆ ಗಗನಕ್ಕೇರಿತು. ಹಂಚಿನ ಮಾಡಿನ ಬಂಗಲೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್‌ಗಳು ಎದ್ದವು. ಇಂದು ಹೋಪ್ ಫಾರ್ಮ್ ಎಂಬ ಹೆಸರಿನಲ್ಲಿ ಫಾರ್ಮ್ ಇದೆ. ಆ ಜಂಕ್ಷನ್‌ನಲ್ಲಿ ನಿಂತು ನೋಡಿದರೆ ಹೊಲ ಎಲ್ಲೂ ಕಾಣಿಸದು.

ಆ ಸಮುದಾಯದ ರಾಜಕೀಯ ಅಸ್ತಿತ್ವದ ಗತಿಯೂ ಹೀಗೆಯೇ ಆಯಿತು. ಲೋಕಸಭೆಗೂ ವಿಧಾನಸಭೆಗಳಿಗೂ ಆಂಗ್ಲೋ ಇಂಡಿಯನ್ನರನ್ನು ನಾಮಕರಣ ಮಾಡುವ ಅವಕಾಶವನ್ನು ಸಂವಿಧಾನ ಕೊಟ್ಟಿತ್ತು. 104ನೆಯ ತಿದ್ದುಪಡಿಯ ಮೂಲಕ 2020ರ ಜನವರಿಯಲ್ಲಿ ಅದು ಕೊನೆಗೊಂಡಿತು. ಅದರ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿ ಮಾತನಾಡಿದೆವು? ಚಿಕ್ಕ ಸಮುದಾಯದ ನಷ್ಟ ದೊಡ್ಡ ಸುದ್ದಿಯಾಗುವುದಿಲ್ಲ.

ವೈಟ್‌ಫೀಲ್ಡ್‌ನ ಬಗ್ಗೆ ಇಂದು ಜನರಿಗೆ ತಿಳಿದಿರುವ ಕತೆ ಯಾವುದು ಗೊತ್ತೇ? ವೇವರ್ಲಿ ಇನ್ ಎಂಬ ತಂಗುದಾಣದ ಕತೆ. 1896ರಲ್ಲಿ ಸೈನ್ಯಾಧಿಕಾರಿಯಾಗಿ ಬೆಂಗಳೂರಿಗೆ ಬಂದಿದ್ದ ವಿನ್‌ಸ್ಟನ್ ಚರ್ಚಿಲ್ ಆ ತಂಗುದಾಣದ ಮಾಲಕರ ಮಗಳನ್ನು ಮೆಚ್ಚಿ ಅಲ್ಲಿಗೆ ಬಂದು ಹೋಗುತ್ತಿದ್ದರಂತೆ. ಅದಕ್ಕೆ ದಾಖಲೆ ಕೇಳಬೇಡಿ. ಊರು ಕಟ್ಟಿದವರು, ಬಾವಿ ತೋಡಿದವರು, ಮಳೆ ಬಾರದ ವರ್ಷ ಸಾಲ ಮಾಡಿ ಮಕ್ಕಳನ್ನು ಓದಿಸಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಒಮ್ಮೆ ಬಂದಿರಬಹುದಾದ ಅಥವಾ ಬಾರದೆಯೂ ಇರಬಹುದಾದ ಪರಂಗಿಯವನ ಪ್ರೇಮಕತೆ ಉಳಿದಿದೆ! ನಮ್ಮ ಚರಿತ್ರೆಯನ್ನು ನಾವು ಬರೆಯದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಯಾವುದಾದರೊಂದು ದಂತಕತೆ ಬಂದು ಅಲ್ಲಿ ಕುಳಿತುಕೊಳ್ಳುತ್ತದೆ. ಇದೇ ದಂತಕತೆ ನಾಳೆ ದ್ವೇಷದ ಕತೆಯೂ ಆಗಬಹುದು. ಮುಸ್ಲಿಮರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆಂಗ್ಲೋ ಇಂಡಿಯನ್ನರದ್ದು ಎಲ್ಲವೂ ಹೋಯಿತೇ? ಇಲ್ಲ. ಚರ್ಚುಗಳಲ್ಲಿ ಜ್ಞಾನಸ್ನಾನದ, ವಿವಾಹದ ಮತ್ತು ಮರಣದ ದಫ್ತರಗಳನ್ನು ಬರೆದಿಡುವ ಶಿಸ್ತು ಕ್ರೈಸ್ತರಲ್ಲಿದೆ. ಮೆಲ್ಬರ್ನ್‌ನಲ್ಲಿರುವ ಮೊಮ್ಮಗಳೊಬ್ಬಳು ತನ್ನ ಮುತ್ತಜ್ಜನನ್ನು ಹುಡುಕಲು ಹೊರಟರೆ ಎಲ್ಲಿಂದ ಹುಡುಕಬೇಕೆಂದು ಅವಳಿಗೆ ಗೊತ್ತು. ಮನೆ ಹೋದರೂ ದಫ್ತರ ಉಳಿದಿದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಇನ್ನು ನಗರದ ದಕ್ಷಿಣಕ್ಕೆ, ಹೊಸೂರು ರಸ್ತೆಯ ಕಡೆಗೆ ಹೋಗೋಣ. ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ.ಬಾಳಿಗಾ ಅವರ ಮುಂದಾಲೋಚನೆಯಿಂದ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. ಅಲ್ಲಿಂದ ಬೇಗೂರು ದೂರವಿಲ್ಲ. ಬೇಗೂರಿನ ದೇವಾಲಯದ ಆವರಣದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲಿದೆ. ಅದು ಬೆಂಗಳೂರಿನಲ್ಲಿ ನಡೆದ ಕಾಳಗವೊಂದನ್ನು ಹೇಳುತ್ತದೆ. ರಾಜನೊಬ್ಬನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಬೆಂಗಳೂರು ಎಂಬ ಹೆಸರು ಬಂತೆಂದು ಶಾಲೆಯಲ್ಲಿ ಕೇಳಿದ್ದೇವಲ್ಲವೇ? ಆ ರಾಜನೆನ್ನಲಾದ ಹೊಯ್ಸಳ ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂಬ ಹೆಸರಿತ್ತು ಎಂದು ಆ ಕಲ್ಲು ಸಾಕ್ಷಿ ಹೇಳುತ್ತದೆ. ಒಂದು ಕಲ್ಲು ಒಂದು ದಂತಕತೆಯನ್ನು ಮಣಿಸಿತು.

ಆದರೆ ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಬಿ.ಎಲ್.ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಓದಲು ಸಿಗುವ ಎಷ್ಟೋ ಕಲ್ಲುಗಳು ಇಂದು ನೆಲದ ಮೇಲೆ ಸಿಗುವುದಿಲ್ಲ. ರಸ್ತೆಯ ಕೆಳಗೆ ಹೋದವು, ಅಡಿಪಾಯಕ್ಕೆ ಹೋದವು, ಚರಂಡಿಯ ಮೇಲಿನ ಚಪ್ಪಡಿಯಾದವು. ಕಾಡುಗೋಡಿಯ ಸೀಮೆಯ ಪಟ್ಟಂದೂರು ಕೆರೆಯ ಬಗ್ಗೆ ಹನ್ನೊಂದನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನವಿದೆ. ಸಾವಿರ ವರ್ಷ ಹಿಂದೆ ಕೆರೆ ಕಟ್ಟಿದವರು ಅದನ್ನು ಬರೆಸಿಟ್ಟರು. ಆ ನಂತರ ತಲೆಮಾರುಗಳ ಕಾಲ ತೂಬು ತೆಗೆದು ಗದ್ದೆಗೆ ನೀರು ಹಂಚಿದ ನೀರುಗಂಟಿಗಳ ಬಗ್ಗೆ ಏನೂ ಇಲ್ಲ. 2015ರಲ್ಲೂ 2017ರಲ್ಲೂ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದಾಗ ಲೋಕವೆಲ್ಲ ಬೆರಗಾಯಿತು. ನೀರಿನ ಮೇಲೆ ಅಧಿಕಾರ ಇದ್ದವನು ಯಾರು, ಅವನ ಕೆಲಸ ಹೋದದ್ದು ಯಾವಾಗ ಎಂದು ಯಾರಾದರೂ ಕೇಳಿದರೇ?

2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಹುಡುಕಿ, ಪ್ರತಿಯೊಂದನ್ನೂ ಮೂರು ಆಯಾಮದ ಡಿಜಿಟಲ್ ಪ್ರತಿಯಾಗಿ ಉಳಿಸುವ ಕೆಲಸದಲ್ಲಿ ತೊಡಗಿದ್ದಾರೆ. ಪಿ.ಎಲ್.ಉದಯಕುಮಾರ್ ಅದರ ನೇತೃತ್ವ ವಹಿಸಿದ್ದಾರೆ. ಅವರು ಶಾಸನ ತಜ್ಞರಾಗಿ ಬಂದವರಲ್ಲ, ಇಂಜಿನಿಯರ್. ಐಟಿ ಉದ್ಯೋಗದಲ್ಲಿರುವ ನಮ್ಮ ಯುವಕರು ಇದನ್ನು ಗಮನಿಸಬೇಕು. ಊರನ್ನು ಅಳಿಸುತ್ತಿದೆಯೆಂದು ನಾವು ದೂರುವ ತಂತ್ರಜ್ಞಾನವೇ ಊರನ್ನು ಉಳಿಸಲೂ ಬಲ್ಲದು. ಅದಕ್ಕೆ ಭಾನುವಾರದ ಅರ್ಧ ದಿನ ಕೊಡುವ ಮನುಷ್ಯ ಬೇಕು, ಅಷ್ಟೇ.

ಬರವಣಿಗೆಯಿಲ್ಲದೆ ಇತಿಹಾಸ ಉಳಿಸಿಕೊಂಡವರೂ ಇದ್ದಾರೆ. ಬೆಂಗಳೂರಿನ ತಿಗಳ ಸಮುದಾಯವನ್ನು ನೋಡಿ. ತೋಟಗಾರಿಕೆ ಅವರ ವೃತ್ತಿ. ಕೆರೆಗಳು ಬತ್ತಿದಂತೆ ಅವರ ತೋಟಗಳು ಬಡಾವಣೆಗಳಾದವು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಆದರೂ ಕರಗದ ದಿನಗಳಲ್ಲಿ ಅವರು ಕ್ರೀಡಾಂಗಣದ ಪಕ್ಕದಲ್ಲಿ ಉಳಿದಿರುವ ಆ ಪುಟ್ಟ ಕೊಳಕ್ಕೇ ಹೋಗುತ್ತಾರೆ. ನೀರಿನ ದಾರಿ ಎಲ್ಲಿತ್ತೆಂದು ಅವರ ಕಾಲುಗಳಿಗೆ ಗೊತ್ತಿದೆ. ಕರಗದ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುವುದೂ ನಿಮಗೆಲ್ಲ ಗೊತ್ತು. ದರ್ಗಾಗಳ ಆಚರಣೆಗಳ ಕುರಿತು ನಮ್ಮ ನಡುವೆ ಭಿನ್ನ ಅಭಿಪ್ರಾಯಗಳಿವೆ. ಅದು ಬೇರೆಯೇ ಚರ್ಚೆ, ಅದಕ್ಕೆ ಇದು ವೇದಿಕೆಯಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಎರಡು ಸಮುದಾಯಗಳ ನಡುವಿನ ನೆರೆಹೊರೆಯ ನೆನಪನ್ನು ತಿಗಳರು ತಮ್ಮ ವಾರ್ಷಿಕ ಕರ್ತವ್ಯದ ಭಾಗವಾಗಿಸಿಕೊಂಡಿದ್ದಾರೆ. ನಮ್ಮ ಕಡೆಯಿಂದ ಆ ನೆನಪನ್ನು ಬರೆದಿಟ್ಟವರು ಯಾರು?

ಪೀಣ್ಯದ ಚಿತ್ರ ಬೇರೆ. ಅಲ್ಲಿ ಕಳೆದುಹೋಗಿರುವುದು ಹಳ್ಳಿಗಿಂತ ಹೆಚ್ಚಾಗಿ ಕಾರ್ಮಿಕನ ಬದುಕು. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, 1961ರಲ್ಲಿ ಕೈಗಡಿಯಾರದ ಕಾರ್ಖಾನೆ. ಒಂದು ಕಾಲದಲ್ಲಿ ಮದುವೆಯ ಹುಡುಗನಿಗೆ ಎಚ್‌ಎಂಟಿ ವಾಚ್ ಕೊಡುವುದೆಂದರೆ ಮನೆತನದ ಮರ್ಯಾದೆಯ ಪ್ರಶ್ನೆ. ಎಪ್ಪತ್ತರ ದಶಕದಿಂದ ಪೀಣ್ಯದ ಸಣ್ಣ ಕೈಗಾರಿಕೆಗಳು ಸಾವಿರಾರು ಲೇತ್ ಯಂತ್ರಗಳೊಂದಿಗೆ ಬೆಳೆದವು. ಬಳಿಕ ಗಾರ್ಮೆಂಟ್ಸ್ ಬಂತು, ಅದರ ಹೊರೆಯನ್ನು ಹೆಣ್ಣುಮಕ್ಕಳು ಹೊತ್ತರು. ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಕನ್ನಡ ಸಂಘಗಳನ್ನು ಕಟ್ಟಿ ನಾಟಕ ಆಡಿದರು, ಪತ್ರಿಕೆ ಹೊರತಂದರು, 1982ರ ಗೋಕಾಕ್ ಚಳವಳಿಯ ಕಾಲದಲ್ಲಿ ಬೀದಿಗಿಳಿದರು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪೆನಿ ಮುಚ್ಚಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಅದರ ವಸ್ತುಸಂಗ್ರಹಾಲಯ ತೆರೆಯಿತು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಚೆನ್ನಾಗಿದೆ. ವಾಚುಗಳು ಗಾಜಿನ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿವೆ. ಲೇತ್ ಯಂತ್ರಕ್ಕೆ ಬೆರಳು ಕಳೆದುಕೊಂಡವನಿಗೆ ಎಲ್ಲಿಯ ಗಾಜಿನ ಪೆಟ್ಟಿಗೆ? ಪೀಣ್ಯದ ಶೆಡ್ಡುಗಳಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್‌ಗಳಾಗಿ ದುಡಿದ ಮುಸ್ಲಿಂ ಕುಶಲಕರ್ಮಿಗಳ ಒಂದು ತಲೆಮಾರು ಈಗ ಮಸೀದಿಯ ಕುರ್ಚಿಗಳ ಮೇಲೆ ಕುಳಿತು ನಮಾಝ್ ನಿರ್ವಹಿಸುತ್ತಿದೆ. ಅವರ ಬಳಿ ಕುಳಿತು ಮಾತನಾಡಿದವರು ಎಷ್ಟು ಮಂದಿ?

ಈಗ ನಮ್ಮ ವಿಷಯಕ್ಕೆ ಬರುತ್ತೇನೆ.

ನಾನು ಮದ್ರಸದಲ್ಲಿ ಓದಿದವನು, ಆನಂತರ ಕಲಾ ಪದವಿಗಾಗಿ ಕಾಲೇಜಿಗೆ ಹೋದವನು. ಕಾಲೇಜಿನಲ್ಲಿ ಆಧಾರ ಎಂದರೇನು, ಆಕರ ಎಂದರೇನು ಎಂಬ ಪಾಠ ನಡೆದಾಗ ನನಗೆ ಅದು ಹೊಸದೆನಿಸಲಿಲ್ಲ. ಮದ್ರಸದಲ್ಲಿ ನಮಗೆ ಕಲಿಸಿದ ಮೊದಲ ಸಂಗತಿಗಳಲ್ಲಿ ಸನದ್ ಒಂದು. ಈ ಮಾತನ್ನು ನಿನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅವರಿಬ್ಬರೂ ಪರಸ್ಪರ ಭೇಟಿಯಾಗಿದ್ದರೇ, ಅವರು ಸತ್ಯವಂತರೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಮಾತು ಎಷ್ಟೇ ಸುಂದರವಾಗಿದ್ದರೂ ಅದನ್ನು ಪ್ರವಾದಿ(ಸ)ಯವರ ವಚನವೆಂದು ನಮ್ಮ ವಿದ್ವಾಂಸರು ಸ್ವೀಕರಿಸಲಿಲ್ಲ. ಅದಕ್ಕಾಗಿ ಅವರು ಸಹಸ್ರಾರು ಸಾಮಾನ್ಯ ಮನುಷ್ಯರ ಜೀವನವನ್ನು ಬರೆದಿಟ್ಟರು. ಹನ್ನೊಂದನೆಯ ಶತಮಾನದಲ್ಲಿ ಖತೀಬ್ ಅಲ್ ಬಗ್ದಾದಿಯವರು ರಚಿಸಿದ ತಾರೀಖ್ ಬಗ್ದಾದ್ ಎಂಬ ಗ್ರಂಥದಲ್ಲಿ ಏಳು ಸಾವಿರಕ್ಕಿಂತಲೂ ಹೆಚ್ಚು ವ್ಯಕ್ತಿಗಳ ಪರಿಚಯವಿದೆ. ಅವರಲ್ಲಿ ಬಟ್ಟೆ ಮಾರುವವರಿದ್ದಾರೆ, ಕಾಗದ ಮಾರುವವರಿದ್ದಾರೆ, ವಿದುಷಿಯರಾದ ಮಹಿಳೆಯರಿದ್ದಾರೆ. 1258ರಲ್ಲಿ ಮಂಗೋಲರು ಬಗ್ದಾದನ್ನು ನೆಲಸಮ ಮಾಡಿದರು. ಗ್ರಂಥಾಲಯಗಳು ಹಾಳಾದವು. ಆದರೂ ಆ ನಗರದ ಬೀದಿಯಲ್ಲಿ ಯಾರು ಬಾಳಿದ್ದರೆಂದು ಇಂದು ನಾವು ಓದಬಹುದು.

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದು ಎಂದು ಮಕ್ಕಳನ್ನು ಕೇಳಿ. ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ. ಅದರ ವಸ್ತು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಬರೆದಿಡುವುದು. ಎರಡನೆಯ ಖಲೀಫ ಉಮರ್(ರ) ಅವರು ಹಿಜರಿ ಪಂಚಾಂಗವನ್ನು ನಿಗದಿಪಡಿಸಿದರು, ಜನರ ಹೆಸರುಗಳ ದೀವಾನ್ ದಫ್ತರವನ್ನು ಆರಂಭಿಸಿದರು. ಇಂತಹ ಪರಂಪರೆಯ ವಾರಸುದಾರರಾದ ನಾವು ನಮ್ಮ ಮೊಹಲ್ಲಾದ ಮಸೀದಿಗೆ ನೆಲ ಕೊಟ್ಟವರು ಯಾರು ಎಂದು ಕೇಳಿದರೆ "ಯಾರೋ ದೊಡ್ಡವರು ಕೊಟ್ಟದ್ದಂತೆ" ಎನ್ನುತ್ತೇವೆ. ಎಂತಹ ವಿಪರ್ಯಾಸ!

ಇದು ಬರೇ ಭಾವನೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ತಲೆಮಾರುಗಳಿಂದ ಮಸೀದಿಯಾಗಿ, ಈದ್ಗಾ ಆಗಿ, ಖಬರಸ್ತಾನವಾಗಿ ಬಳಕೆಯಲ್ಲಿದೆ ಎಂಬ ಕಾರಣದಿಂದಲೇ ಒಂದು ಜಾಗವನ್ನು ವಕ್ಫ್ ಎಂದು ಪರಿಗಣಿಸುವ ತತ್ವ ನಮ್ಮ ಕಾನೂನಿನಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯು ಅದನ್ನು ಕೈಬಿಟ್ಟಿತು. ಮೊದಲೇ ನೋಂದಣಿಯಾದವುಗಳು, ಅದೂ ವಿವಾದವಿಲ್ಲದಿದ್ದರೆ ಮತ್ತು ಸರಕಾರಿ ಭೂಮಿಯಲ್ಲದಿದ್ದರೆ, ಉಳಿಯುತ್ತವೆ. ಅದೇ ವರ್ಷದ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ತನ್ನ ಮಧ್ಯಂತರ ಆದೇಶದಲ್ಲಿ ಕಾಯ್ದೆಯ ಕೆಲವು ಅಂಶಗಳನ್ನು ತಡೆಹಿಡಿಯಿತು. ಆದರೆ ಈ ಅಂಶವನ್ನು ತಡೆಹಿಡಿಯಲಿಲ್ಲ. ಜೂನ್ 6ರಂದು ಕೇಂದ್ರ ಸರಕಾರ ಉಮೀದ್ ಎಂಬ ಪೋರ್ಟಲ್ ತೆರೆದು, ವಕ್ಫ್ ಆಸ್ತಿಗಳ ವಿವರ ದಾಖಲಿಸಲು ಆರು ತಿಂಗಳ ಗಡುವು ಕೊಟ್ಟಾಗ ಎಷ್ಟೋ ಜಮಾಅತ್‌ಗಳ ಮುತವಲ್ಲಿಗಳು ತಬ್ಬಿಬ್ಬಾದರು. ಕೇಳಿದ ಕಾಗದ ಒಂದೂ ಕೈಯಲ್ಲಿರಲಿಲ್ಲ.

ಈ ಕಾಯ್ದೆಯ ಹಿಂದಿನ ಉದ್ದೇಶದ ಬಗ್ಗೆ ನನಗೆ ಸಂದೇಹಗಳಿವೆ, ಅವುಗಳನ್ನು ಬೇರೆಡೆ ಬರೆದಿದ್ದೇನೆ. ಆದರೆ ಸರಕಾರವನ್ನು ಟೀಕಿಸುವ ಹಕ್ಕನ್ನು ಚಲಾಯಿಸುವಾಗಲೇ ನಮ್ಮ ಕಪಾಟನ್ನೂ ತೆರೆದು ನೋಡಬೇಕಲ್ಲವೇ? ಹೊರವಲಯದಲ್ಲಿ ಗುಂಟೆಗೆ ಸಾವಿರದ ಲೆಕ್ಕದಲ್ಲಿದ್ದ ಬೆಲೆ ಕೋಟಿಯ ಲೆಕ್ಕಕ್ಕೆ ಏರಿದೆ. ಹಳ್ಳಿಯ ಅಂಚಿನಲ್ಲಿ ಯಾರಿಗೂ ಬೇಡವಾಗಿದ್ದ ಖಬರಸ್ತಾನ ಇಂದು ಮುಖ್ಯರಸ್ತೆಯ ನಿವೇಶನ. ದಾಖಲೆ ಗೊಂದಲಮಯವಾಗಿದ್ದರೆ ಅನ್ಯಾಯ ನಮಗೆ ಮಾತ್ರ ಆಗುವುದಿಲ್ಲ. 2024ರ ಕೊನೆಯಲ್ಲಿ ವಿಜಯಪುರದ ರೈತರಿಗೆ ವಕ್ಫ್ ಹೆಸರಿನಲ್ಲಿ ನೋಟಿಸ್ ಹೋಗಿ ದೊಡ್ಡ ಕೋಲಾಹಲವಾಯಿತು, ಮುಖ್ಯಮಂತ್ರಿಗಳು ನೋಟಿಸ್‌ಗಳನ್ನು ಹಿಂಪಡೆಯುವಂತೆ ಸೂಚಿಸಬೇಕಾಯಿತು. ನಿಜವಾದ ಉಳುವವನ ನಿದ್ದೆ ಕೆಟ್ಟಿತು. ನಮ್ಮ ನ್ಯಾಯವಾದ ಹಕ್ಕೂ ಸಂಶಯಕ್ಕೆ ಒಳಗಾಯಿತು. ಲಾಭ ಆದದ್ದು ದ್ವೇಷ ಹರಡುವವರಿಗೆ.

ಚರ್ಚಿನ ದಫ್ತರದ ಮಾತನ್ನು ನೆನಪಿಡಿ ಎಂದಿದ್ದೆನಲ್ಲವೇ? ನಿಕಾಹ್ ದಫ್ತರ ನಮ್ಮಲ್ಲೂ ಇದೆ. ಆದರೆ ಹಳೆಯ ದಫ್ತರಗಳು ಎಲ್ಲಿವೆ? ಮಸೀದಿಯ ಹೊಸ ಕಟ್ಟಡಕ್ಕಾಗಿ ಹಳೆಯದನ್ನು ಕೆಡವಿದಾಗ ಅವು ಏನಾದವು? ಅಮೃತಶಿಲೆ ಹಾಸಲು ಚಂದಾ ಎತ್ತುವ ನಾವು, ಹಳೆಯ ಮಸೀದಿಯ ಒಂದು ಫೋಟೊವನ್ನಾದರೂ ತೆಗೆದಿಟ್ಟೆವೇ? ಖಬರಸ್ತಾನದಲ್ಲಿ ಗೋರಿಗಳನ್ನು ಎತ್ತರಿಸಿ ಕಟ್ಟುವುದು ಬೇಡ, ಅದು ಸರಿ. ಆದರೆ ಯಾರು ಯಾವ ದಿನ ದಫನ್ ಆದರು ಎಂದು ಪುಸ್ತಕದಲ್ಲಿ ಬರೆದುಕೊಳ್ಳಲು ಯಾವ ಉಲಮಾ ಬೇಡವೆಂದಿದ್ದಾರೆ?

ಭಾಷೆಯ ವಿಷಯವನ್ನೂ ಹೇಳಲೇಬೇಕು. ಇಲ್ಲಿನ ಹಳ್ಳಿಗಳ ಹಳೆಯ ಮುಸ್ಲಿಂ ಮನೆಗಳಲ್ಲಿ ದಖನಿ ಮಾತು. ಬೀದಿಗೆ ಬಂದರೆ ಕನ್ನಡ. ವರ್ತೂರು, ಹೊಸಕೋಟೆಯ ಕಡೆಯ ಸಂತೆಯಲ್ಲಿ ತೆಲುಗೂ ಬರಬೇಕು, ಆನೇಕಲ್ ಕಡೆ ತಮಿಳೂ. ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆಗಳನ್ನು ಆಡುತ್ತಿದ್ದ ನಮ್ಮ ಅಜ್ಜ ಅಜ್ಜಿಯರನ್ನು ನಾವು ಅನಕ್ಷರಸ್ಥರು ಎನ್ನುತ್ತೇವೆ! ದಖನಿ ಎಂದರೆ ಹಾಸ್ಯದ ಭಾಷೆ, ಸಿನಿಮಾದಲ್ಲಿ ನಗಿಸುವವನ ಭಾಷೆ ಎಂಬ ಕೀಳರಿಮೆ ನಮ್ಮೊಳಗೇ ಇದೆ. ಮದ್ರಸದಲ್ಲಿ ನಾನು "ನಕ್ಕೋ" ಎಂದಾಗ ತರಗತಿಯೇ ನಕ್ಕಿತ್ತು, ಲಖನೌದ ಉಚ್ಚಾರ ಕಲಿತು ಬಾ ಎಂದು ಉಸ್ತಾದರು ತಿದ್ದಿದ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಉತ್ತರ ಭಾರತದಲ್ಲಿ ಉರ್ದು ಕಾವ್ಯ ಅರಳುವುದಕ್ಕಿಂತ ಬಹಳ ಮೊದಲೇ ನಮ್ಮ ಕಲಬುರಗಿ, ಬಿಜಾಪುರಗಳಲ್ಲಿ ದಖನಿ ಸಾಹಿತ್ಯದ ಭಾಷೆಯಾಗಿತ್ತು ಎಂದು ನನಗೆ ತಿಳಿದದ್ದು ಕಾಲೇಜಿನ ಗ್ರಂಥಾಲಯದಲ್ಲಿ. ಎರಡನೆಯ ಇಬ್ರಾಹೀಂ ಆದಿಲ್ ಶಾಹ್ ಕಿತಾಬೆ ನವ್‌ರಸ್ ರಚಿಸಿದ್ದು ಇದೇ ದಖನಿಯಲ್ಲಿ.

ಆ ಕಾಲದಲ್ಲಿ ಚಕ್ಕಿನಾಮಾ ಎಂಬ ಹಾಡುಗಳಿದ್ದವು. ರಾಗಿ, ಜೋಳ ಬೀಸುವಾಗ ಹೆಂಗಸರು ಹಾಡುತ್ತಿದ್ದ ಹಾಡುಗಳು. ಬೀಸುವ ಕಲ್ಲಿನ ತಿರುಗಣಿಯ ಲಯಕ್ಕೆ ಅಲ್ಲಾಹನ ನಾಮವನ್ನು ಹೊಂದಿಸಿ ಬಿಜಾಪುರದ ಸೂಫಿಗಳು ಅವನ್ನು ರಚಿಸಿದ್ದರು. ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ ತಮ್ಮ 1978ರ ಪುಸ್ತಕದಲ್ಲಿ ಇವುಗಳ ಮಹತ್ವವನ್ನು ಎತ್ತಿ ತೋರಿಸಿದರು. ಗ್ರಂಥ ಓದಲಾಗದ ಮನೆಗಳಿಗೆ ಧರ್ಮದ ಮಾತು ತಲುಪಿದ್ದು ಅಡುಗೆಮನೆಯ ಮೂಲಕ. ಮಿಕ್ಸಿ ಬಂತು, ಬೀಸುವ ಕಲ್ಲು ಹಿತ್ತಿಲಿಗೆ ಹೋಯಿತು, ಹಾಡೂ ಹೋಯಿತು. ಮಿಕ್ಸಿ ಬೇಡ ಎನ್ನುವವನು ಬೀಸಿ ನೋಡಿದವನಲ್ಲ! ತಾಯಂದಿರ ರಟ್ಟೆಗೆ ವಿಶ್ರಾಂತಿ ಸಿಕ್ಕಿದ್ದು ಸಂತೋಷವೇ. ಆದರೆ ಲೋರಿ, ಮದುವೆಯ ಹಾಡು, ಹೆರಿಗೆಮನೆಯ ಮದ್ದು, ಯಾವ ಮನೆಗೆ ಯಾವ ಊರಿನ ಸಂಬಂಧ ಎಂಬ ಲೆಕ್ಕ, ಇವೆಲ್ಲ ಹೆಂಗಸರ ನೆನಪಿನಲ್ಲಿವೆ. ಗಂಡಸರನ್ನು ಮಾತ್ರ ಕೇಳಿ ಬರೆದರೆ ಅದು ಮೊಹಲ್ಲಾದ ಅರ್ಧ ಚರಿತ್ರೆ.

ಕರಾವಳಿಯ ಸಹೋದರರಿಂದ ಈ ವಿಷಯದಲ್ಲಿ ಕಲಿಯುವುದಿದೆ. ಬ್ಯಾರಿ ಎಂಬುದು ಭಾಷೆಯೇ ಅಲ್ಲ ಎಂದು ಹೀಯಾಳಿಸಿದ ಕಾಲವಿತ್ತು. ಅವರು ಹಾಡು ಸಂಗ್ರಹಿಸಿದರು, ನಿಘಂಟು ಮಾಡಿದರು, ಸಮ್ಮೇಳನ ನಡೆಸಿದರು. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. 2011ರ ಬ್ಯಾರಿ ಚಲನಚಿತ್ರ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿಯನ್ನು ಹಂಚಿಕೊಂಡಿತು. ಇನ್ನು ಕನ್ನಡದಲ್ಲಿ ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ ಅವರು ಮುಸ್ಲಿಂ ಮನೆಯ ಒಳಗನ್ನು ಬರೆದರು. ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಎಲ್ಲ ನಿಲುವು, ಎಲ್ಲ ಚಿತ್ರಣವನ್ನು ನಾವು ಒಪ್ಪಬೇಕಾಗಿಲ್ಲ. ಒಪ್ಪದವರು ಬರೆಯಬೇಕು, ಅಷ್ಟೇ. ಪೀಣ್ಯದ ವೆಲ್ಡರ್‌ನ ಮನೆ, ಎಲೆಕ್ಟ್ರಾನಿಕ್ ಸಿಟಿಗೆ ರಾತ್ರಿ ಪಾಳಿಯ ಕ್ಯಾಬ್ ಓಡಿಸುವವನ ಮನೆ ಕನ್ನಡ ಸಾಹಿತ್ಯದಲ್ಲಿ ಇನ್ನೂ ತನ್ನ ಲೇಖಕನಿಗೆ ಕಾಯುತ್ತಿದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಇತಿಹಾಸ ಎಂದ ಕೂಡಲೇ ಮೂಲನಿವಾಸಿ ಯಾರು, ವಲಸೆ ಬಂದವನು ಯಾರು ಎಂಬ ಜಗಳ ಶುರುವಾಗುತ್ತದೆ. ಜುಮಾದ ಸಫ್‌ಗಳನ್ನು ನೋಡಿ. ಯಾದಗಿರಿ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದವರು, ಬಿಹಾರದವರು, ಬಂಗಾಳದವರು, ಅಸ್ಸಾಮಿನವರು, ಕೇರಳದ ಅಂಗಡಿಯವರು, ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್. ಹಳೆಯ ಹತ್ತು ಮನೆಗಳ ಜಮಾಅತ್ ಇಂದು ಮೂರು ಮಹಡಿ ತುಂಬುತ್ತಿದೆ. ಹತ್ತು ಮನೆಗಳವರು ಆಡಳಿತ ಸಮಿತಿಯನ್ನು ಬಿಗಿಯಾಗಿ ಹಿಡಿದು, ಬಂದವರನ್ನು ಬಾಡಿಗೆದಾರರೆಂದು ಕಾಣುವುದೂ ಉಂಟು. ಬಂದವರು ಈ ಊರಿನ ಹೆಸರನ್ನೂ ಸರಿಯಾಗಿ ಕಲಿಯದೆ ಹತ್ತು ವರ್ಷ ಕಳೆಯುವುದೂ ಉಂಟು. ಗುಡಾರ ಹಾಕಿಕೊಂಡು ಅಪಾರ್ಟ್‌ಮೆಂಟಿನ ಅಡಿಪಾಯ ತೋಡಿದ ಯಾದಗಿರಿಯ ಕುಟುಂಬವೂ ಈ ಊರಿನ ಚರಿತ್ರೆಯಲ್ಲಿದೆ. ಚರಿತ್ರೆ ಬರೆಯುವ ನೋಟ್‌ಬುಕ್‌ನಲ್ಲಿ ಅವರ ಪುಟವೂ ಇರಬೇಕು. ವೈಟ್‌ಫೀಲ್ಡ್‌ನ ಮೊದಲ ಕುಟುಂಬಗಳೂ ಒಂದು ದಿನ ಗಾಡಿಯಿಂದ ಸಾಮಾನು ಇಳಿಸಿದವರೇ ತಾನೇ.

ಸಂಘಟಕರು ಸಮಯ ನೆನಪಿಸುತ್ತಿದ್ದಾರೆ. ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಈ ಮಸೀದಿಯ ನೆಲ ಯಾರಿಂದ ಬಂತು, ಯಾವ ಸರ್ವೆ ನಂಬರ್, ಗೆಜೆಟ್‌ನಲ್ಲಿ ಬಂದಿದೆಯೇ ಎಂದು ಸಮಿತಿಯವರು ಕಾಗದ ಹುಡುಕಲಿ. ಸಿಕ್ಕಿದ್ದನ್ನೆಲ್ಲ ಸ್ಕ್ಯಾನ್ ಮಾಡಿ ಮೂರು ಕಡೆ ಇಡಿ. ಎಪ್ಪತ್ತು ದಾಟಿದವರ ಪಟ್ಟಿ ಮಾಡಿ. ಮುಸ್ಲಿಮರು ಮಾತ್ರ ಬೇಡ, ನೆರೆಯ ಗೌಡರ ಮನೆ, ತಿಗಳರ ಮನೆ, ದಲಿತ ಕೇರಿಯ ಹಿರಿಯರೂ ಇರಲಿ. ನಮ್ಮ ಬಗ್ಗೆ ನಮಗಿಂತ ಹೆಚ್ಚು ಅವರಿಗೆ ತಿಳಿದಿರುತ್ತದೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಮೊಬೈಲ್‌ನಲ್ಲಿ ಅವರ ಮಾತನ್ನು ಧ್ವನಿಮುದ್ರಿಸಲಿ. ಹುಡುಗಿಯರು ಅಜ್ಜಿಯಂದಿರ ಬಳಿ ಕುಳಿತುಕೊಳ್ಳಲಿ. ಕೆರೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಭೂಸ್ವಾಧೀನದ ಪರಿಹಾರ ಎಷ್ಟು ಸಿಕ್ಕಿತು, ಆ ಹಣ ಏನಾಯಿತು, ಮೊದಲು ಶಾಲೆಗೆ ಹೋದ ಹುಡುಗಿ ಯಾರು ಎಂದು ಕೇಳಲಿ. ಹೇಳಿದವರ ಹೆಸರು, ತಾರೀಖು, ಅವರಿಗೆ ಯಾರಿಂದ ತಿಳಿಯಿತು ಎಂಬುದನ್ನೂ ಬರೆಯಲಿ. ಸನದ್ ಇಲ್ಲದೆ ಬರೆಯಬೇಡಿ.

ನನ್ನ ಮಾತು ಮುಗಿಯಿತು. ಅಸರ್ ನಮಾಝ್‌ಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಪ್ರಶ್ನೋತ್ತರ ಬೇಡ. ಹಿಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರು ಮುಂದೆ ಬಂದು, ಈ ರಸ್ತೆ ಹಾಕುವ ಮೊದಲು ಇಲ್ಲಿ ಏನಿತ್ತು ಎಂದು ಹೇಳಲಿ. ಪರದೆಯ ಆಚೆ ಇರುವ ತಾಯಂದಿರಿಗೂ ಮೈಕ್ ಕೊಡಿ. ಯಾರಾದರೊಬ್ಬರು ಫೋನ್ ತೆಗೆದು ರೆಕಾರ್ಡ್ ಮಾಡಿಕೊಳ್ಳಿ.